ಬೆಂಕಿಗೊಂದು ಬಳೆ

ಅಗ್ಗಿಷ್ಟಿಕೆ ಎಂಬ ಮಾತನ್ನು ತದ್ಭವಕ್ಕೆ ಉದಾಹರಣೆಯಾಗಿ ನಾನು ಇಪ್ಪತ್ತು ವರ್ಷಗಳಿಂದ ತರಗತಿಯಲ್ಲಿ ಹೇಳುತ್ತ ಬಂದಿದ್ದೇನೆ. ಸಂಸ್ಕೃತದ ಅಗ್ನಿಷ್ಟಿಕೆ ಕನ್ನಡದ ನಾಲಗೆಯ ಮೇಲೆ ಮೆತ್ತಗಾಗಿ ಅಗ್ಗಿಷ್ಟಿಕೆಯಾಯಿತು. ಕೆಂಡವಿಟ್ಟುಕೊಂಡು ಚಳಿ ಕಾಯಿಸಿಕೊಳ್ಳುವ ಪಾತ್ರೆಯೆಂದು ಅದರ ಅರ್ಥ. ಇಷ್ಟನ್ನು ಕರಿಹಲಗೆಯ ಮೇಲೆ ಬರೆದು, ಸೀಮೆಸುಣ್ಣದ ಕೈಯನ್ನು ಒರಸಿಕೊಂಡು ಮುಂದಿನ ಶಬ್ದಕ್ಕೆ ಹೋಗುವುದು ನನ್ನ ವಾಡಿಕೆ. ಆ ಪದಾರ್ಥವನ್ನು ನಾನೇ ಅಂಗಡಿ ಅಂಗಡಿ ತಿರುಗಿ ಆರಿಸಬೇಕಾದೀತೆಂದು, ಅದರ ತಗಡಿನ ದಪ್ಪವನ್ನು ಬೆರಳಿನಿಂದ ತಡವಿ ನೋಡಬೇಕಾದೀತೆಂದು ಕನಸಿನಲ್ಲಿಯೂ ಎಣಿಸಿದವನಲ್ಲ. ವ್ಯಾಕರಣದ ಮೇಷ್ಟರಿಗೂ ಕಬ್ಬಿಣಕ್ಕೂ ಎಲ್ಲಿಯ ನಂಟು? ನಂಟು ಬೆಳೆದ ಕಥೆ ಅಷ್ಟೇನೂ ಸುಖದ್ದಲ್ಲ.

ನಮ್ಮದು ಮಲೆನಾಡಿನ ಒಂದು ಕಾಲೇಜು. ರಾಷ್ಟ್ರೀಯ ಸೇವಾ ಯೋಜನೆಯ ಹೊಣೆ ಕೆಲವು ವರ್ಷಗಳಿಂದ ನನ್ನ ಹೆಗಲ ಮೇಲಿದೆ. 1969ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ವರ್ಷಕ್ಕೊಮ್ಮೆ ಏಳು ದಿನ ಹಳ್ಳಿಯೊಂದರಲ್ಲಿ ಶಿಬಿರ ಹೂಡುವುದು ಪದ್ಧತಿ. ಹಗಲೆಲ್ಲ ಚರಂಡಿ ಅಗೆದು, ರಸ್ತೆಯ ಗುಂಡಿ ಮುಚ್ಚಿ ದಣಿದ ಹುಡುಗರು ಹುಡುಗಿಯರು ಆರು ರಾತ್ರಿಗಳನ್ನು ಕಳೆಯುವುದು ಏಳನೆಯ ರಾತ್ರಿಗಾಗಿ. ಏಕೆಂದರೆ ಆ ರಾತ್ರಿ ಶಿಬಿರಾಗ್ನಿ. ಬೆಂಕಿಯ ಸುತ್ತ ಕೂತು ಹಾಡುವುದು, ಅಧ್ಯಾಪಕರನ್ನು ಅಣಕಿಸುವುದು, ಬಿಟ್ಟುಹೋಗಬೇಕಲ್ಲ ಎಂದು ಸ್ವಲ್ಪ ಅಳುವುದು. ಇವಿಲ್ಲದೆ ಶಿಬಿರ ಮುಗಿಯಿತೆಂದು ಯಾರೂ ಒಪ್ಪುವುದಿಲ್ಲ.

2022ರ ಡಿಸೆಂಬರಿನಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಂಗಳದಲ್ಲಿ ನಮ್ಮ ಬಿಡಾರವಿತ್ತು. ಕೊನೆಯ ದಿನ ಸಂಜೆ ಹುಡುಗರು ಹಳ್ಳಕ್ಕಿಳಿದು ನುಣುಪಾದ ಉರುಟು ಕಲ್ಲುಗಳನ್ನು ಹೊತ್ತು ತಂದು, ಅಂಗಳದ ಅಂಚಿನಲ್ಲಿ ದುಂಡಗೆ ಜೋಡಿಸಿ, ನಡುವೆ ಸೌದೆಯೊಟ್ಟಿದರು. "ಹೇಗಿದೆ ಸರ್?" ಎಂದರು. "ಚೆನ್ನಾಗಿದೆ" ಎಂದವನು ನಾನೇ. ಬೆಂಕಿ ಹೊತ್ತಿ ಅರ್ಧ ಗಂಟೆಯಾಗಿರಬಹುದು. ಕೋವಿಯ ಈಡಿನಂಥ ಒಂದು ಸದ್ದು. ಹಾಡು ನಿಂತಿತು. ಮೊದಲನೆಯ ವರ್ಷದ ಬಿ.ಎ. ವಿದ್ಯಾರ್ಥಿಯೊಬ್ಬ ಹಣೆಯನ್ನು ಎರಡು ಕೈಯಿಂದಲೂ ಒತ್ತಿಹಿಡಿದು ಕೂತಿದ್ದ. ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ಕಲ್ಲಿನ ಚಕ್ಕೆಯೊಂದು ಎಡಹುಬ್ಬಿನ ಮೇಲೆ ಸೀಳಿಕೊಂಡು ಹೋಗಿತ್ತು. ಐದು ಹೊಲಿಗೆ. ಎರಡು ಬೆರಳು ಕೆಳಗೆ ಬಿದ್ದಿದ್ದರೆ ಕಣ್ಣು. ಆ ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅವನ ತಂದೆಗೆ ದೂರವಾಣಿಯಲ್ಲಿ ಸುದ್ದಿ ತಿಳಿಸಲು ನಾನು ಹುಡುಕಿದ ಮಾತುಗಳನ್ನು ಯಾವ ನಿಘಂಟೂ ನನಗೆ ಕೊಡಲಿಲ್ಲ.

ಕಾರಣವನ್ನು ಆಮೇಲೆ ನಮ್ಮ ಭೌತಶಾಸ್ತ್ರದ ಅಧ್ಯಾಪಕರು ವಿವರಿಸಿದರು. ನೀರಿನಲ್ಲಿ ಬಹುಕಾಲ ಮುಳುಗಿದ್ದ ಕಲ್ಲು ತನ್ನ ಸಣ್ಣ ಸಣ್ಣ ಬಿರುಕುಗಳಲ್ಲಿ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಕಾದಾಗ ಆ ನೀರು ಆವಿಯಾಗಬೇಕು. ಆವಿಯಾಗಲು ಅದಕ್ಕೆ ಮೊದಲಿಗಿಂತ ಸಾವಿರದ ಆರುನೂರು ಪಾಲಿಗೂ ಮಿಕ್ಕಿದ ಜಾಗ ಬೇಕು. ಜಾಗವಿಲ್ಲದಿದ್ದರೆ ಕಲ್ಲನ್ನೇ ಒಡೆದು ಹೊರಬರುತ್ತದೆ. ಬಿದಿರಿನ ಗಂಟು ಬೆಂಕಿಯಲ್ಲಿ ಸಿಡಿಯುವುದನ್ನು ಬಾಲ್ಯದಲ್ಲಿ ಎಷ್ಟು ಸಲ ಕಂಡು ನಕ್ಕಿದ್ದೆನೋ! ಕಲ್ಲೂ ಹಾಗೆಯೇ ಎಂಬುದು ಹೊಳೆದಿರಲಿಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಬೆಂಕಿಗೆ ನಾಲ್ಕು ಕೊಡ ನೀರು ಸುರಿದು ಮರುದಿನ ಊರಿಗೆ ಮರಳಿದ್ದೆವು. ಮೂರನೆಯ ದಿನ ಶಾಲೆಯ ಪಕ್ಕದ ಮನೆಯ ಗೌಡರು ಕರೆ ಮಾಡಿ, "ಮೇಷ್ಟ್ರೇ, ನಿಮ್ಮ ಬೆಂಕಿ ಇನ್ನೂ ಮಲಗಿಲ್ಲ, ಬಂದು ನೋಡಿ" ಎಂದರು. ಹೋಗಿ ನೋಡಿದರೆ ನಾವು ಬೆಂಕಿ ಹಾಕಿದ್ದ ಜಾಗ ತಣ್ಣಗಿದೆ; ಅಲ್ಲಿಂದ ನಾಲ್ಕು ಮಾರು ದೂರದಲ್ಲಿ, ಎಂದೋ ಕಡಿದ ಹಲಸಿನ ಮರದ ಬೊಡ್ಡೆಯಿಂದ ತೆಳುವಾಗಿ ಹೊಗೆ ಏಳುತ್ತಿದೆ. ನೆಲದೊಳಗಿನ ಒಣಬೇರಿಗೆ ಹಿಡಿದ ಕಿಡಿ ಒಳಗೊಳಗೇ ತೆವಳಿ ಅಲ್ಲಿಗೆ ಬಂದಿತ್ತು. ಬೊಡ್ಡೆಯಿಂದ ಆಚೆಗೆ ಗೌಡರ ಹುಲ್ಲಿನ ಬಣವೆ. ಅವರು ಹಾರೆಯಿಂದ ಬೇರನ್ನು ಬಗೆದು ತೆಗೆದು, ಮೂರು ದಿನ ಕಾವಲು ಕಾಯ್ದರು. ನನಗೆ ಒಂದೂ ಕಟುಮಾತನಾಡಲಿಲ್ಲ. ಆಡಿದ್ದರೆ ಮನಸ್ಸಿಗೆ ಹಗುರವಾಗುತ್ತಿತ್ತು.

ಮರುವರ್ಷ, ಅಂದರೆ 2023ರ ಶಿಬಿರದಲ್ಲಿ, ಪ್ರಾಂಶುಪಾಲರ ಆಜ್ಞೆಯಂತೆ ಬೆಂಕಿಯಿಲ್ಲ. ಕೊನೆಯ ರಾತ್ರಿ ಶಾಲೆಯ ಜಗಲಿಯಲ್ಲಿ ವಿದ್ಯುದ್ದೀಪದ ಕೆಳಗೆ ಕೂತೆವು. ಒಂದೆರಡು ಹಾಡುಗಳು ಅರ್ಧಕ್ಕೇ ನಿಂತುವು. ಸ್ವಲ್ಪ ಹೊತ್ತಿನಲ್ಲಿ ಅರ್ಧ ಮಂದಿ ಮೊಬೈಲಿನಲ್ಲಿ, ಉಳಿದರ್ಧ ಮಂದಿ ನಿದ್ದೆಯಲ್ಲಿ. "ಯಾಕಮ್ಮಾ, ನೀನು ಚೆನ್ನಾಗಿ ಹಾಡುತ್ತೀಯಲ್ಲ?" ಎಂದು ಒಬ್ಬಳನ್ನು ಕೇಳಿದೆ. "ಇಷ್ಟು ಬೆಳಕಿದ್ದರೆ ನಾಚಿಕೆಯಾಗುತ್ತದೆ ಸರ್" ಎಂದಳು. ಆ ಹುಡುಗಿ ಹೇಳಿದ್ದರಲ್ಲಿ ಸತ್ಯವಿತ್ತು. ಬೆಂಕಿ ಮುಖವನ್ನು ಅರ್ಧ ತೋರಿಸಿ ಅರ್ಧ ಮರೆಸುತ್ತದೆ. ಹಾಡಲು, ತಪ್ಪೊಪ್ಪಿಕೊಳ್ಳಲು, ನಗಲು ಬೇಕಾದಷ್ಟು ಕತ್ತಲೆಯನ್ನು ಉಳಿಸಿಕೊಡುತ್ತದೆ. ಟ್ಯೂಬ್‌ಲೈಟಿಗೆ ಆ ದಾಕ್ಷಿಣ್ಯವಿಲ್ಲ.

2024ರಲ್ಲಿ ಮತ್ತೆ ಪ್ರಾಂಶುಪಾಲರ ಕೊಠಡಿಗೆ ಹೋಗಿ ನಿಂತೆ. ಅವರು ಒಳ್ಳೆಯವರು, ಆದರೆ ಹೊಣೆ ಬಲ್ಲವರು. "ಬೆಂಕಿ ಪಾತ್ರೆಯಿಂದ ಹೊರಗೆ ಬರಬಾರದು, ನೆಲಕ್ಕೆ ತಾಗಬಾರದು. ಅಂಥದ್ದೇನಾದರೂ ಇದ್ದರೆ ತನ್ನಿ, ನೋಡಿ ಹೇಳುತ್ತೇನೆ" ಎಂದರು. ಹೀಗೆ ತದ್ಭವ ಪ್ರಕರಣ ಬಿಟ್ಟು ಅಗ್ಗಿಷ್ಟಿಕೆಯ ಪೇಟೆಗೆ ಇಳಿದೆ.

ಬೆಂಗಳೂರಿನಲ್ಲಿ ಚಾರಣದ ಸಾಮಗ್ರಿ ಮಾರುವ ಅಂಗಡಿಯೊಂದರಲ್ಲಿ ತರುಣನೊಬ್ಬ ಬಹು ಉತ್ಸಾಹದಿಂದ ಒಂದು ಕೈಚೀಲವನ್ನು ಬಿಚ್ಚಿ, ತಗಡಿನ ಐದಾರು ಪಟ್ಟಿಗಳನ್ನು ಒಂದಕ್ಕೊಂದು ಸಿಕ್ಕಿಸಿ, ಕಣ್ಣು ಮಿಟುಕಿಸುವುದರೊಳಗೆ ಒಂದು ಬಳೆಯನ್ನು ನಿಲ್ಲಿಸಿದ. ಎರಡು ಅಡಿ ಅಗಲ, ಒಂದು ಗೇಣು ಎತ್ತರ, ಕನ್ನಡಿಯಂಥ ಹೊಳಪು. ಎತ್ತಿದರೆ ಹೂವಿನಷ್ಟು ಹಗುರ. ಮೊದಲ ನೋಟಕ್ಕೇ ಕೊಳ್ಳಬೇಕೆನಿಸಿತು. ಆದರೆ ಒಳಗೆ ಇಣುಕಿದರೆ ಅಂಗಡಿಯ ನೆಲ ಕಾಣಿಸಿತು. "ಇದಕ್ಕೆ ತಳ?" ಎಂದೆ. "ತಳ ಇರುವುದಿಲ್ಲ ಸರ್, ಇದು ರಿಂಗ್" ಎಂದ.

ಈ ವಿಷಯದಲ್ಲಿ ಓದುಗರು ಒಂದು ಕ್ಷಣ ನಿಲ್ಲಬೇಕು. ಆಯ್ಕೆಯ ಮರ್ಮವೆಲ್ಲ ಇರುವುದು ಇಲ್ಲಿಯೇ. ಬರಿಯ ಬಳೆ ಬೆಂಕಿಯನ್ನು ಪಕ್ಕಕ್ಕೆ ಹೋಗದಂತೆ ತಡೆಯುತ್ತದೆ. ಕೊಳ್ಳಿ ಉರುಳದು, ಕೆಂಡ ಹೊರಳದು, ಗಾಳಿಗೆ ಬೂದಿ ಹಾರುವುದು ಕಡಿಮೆಯಾದೀತು. ಕಲ್ಲುಗಳ ಅಪಾಯವೂ ತಪ್ಪಿತು. ಆದರೆ ಬೆಂಕಿಗೆ ಮೇಲೆ, ಪಕ್ಕ ಎಂಬ ದಿಕ್ಕುಗಳಿರುವಂತೆ ಕೆಳಗೆ ಎಂಬುದೂ ಒಂದು ದಿಕ್ಕು. ಜ್ವಾಲೆ ಮೇಲಕ್ಕೇರುತ್ತದೆಂದು ನಾವು ಮೇಲನ್ನೇ ನೋಡುತ್ತೇವೆ. ಕೆಂಡದ ರಾಶಿಯಾದರೋ ಸದ್ದಿಲ್ಲದೆ ನೆಲವನ್ನು ಬೇಯಿಸುತ್ತಿರುತ್ತದೆ. ಹುಲ್ಲಿನ ಬೇರು, ಎರೆಹುಳು, ಮಣ್ಣಿಗೆ ಜೀವ ಕೊಡುವ ಕಣ್ಣಿಗೆ ಕಾಣದ ಜಂತುಗಳು ಎಲ್ಲವೂ ಸುಟ್ಟು, ಆ ಕಪ್ಪು ಮಚ್ಚೆಯ ಮೇಲೆ ಬಹುಕಾಲ ಏನೂ ಚಿಗುರುವುದಿಲ್ಲ. ಮಲೆನಾಡಿನ ನೆಲ ಬರಿಯ ಮಣ್ಣಲ್ಲ. ದರಗು ಕೊಳೆತು ಪದರ ಪದರವಾಗಿ ಕೂತ ಗೊಬ್ಬರ. ಒಣಗಿದಾಗ ಅದೂ ಉರುವಲೇ. ಹಲಸಿನ ಬೊಡ್ಡೆ ನನಗೆ ಕಲಿಸಿದ್ದು ಇದನ್ನು. ಮರಳಿನ ದಂಡೆಯಲ್ಲೋ ಬರಿಬಂಡೆಯ ಮೇಲೋ ಬೆಂಕಿ ಹಾಕುವವರಿಗೆ ತಳವಿಲ್ಲದ ಬಳೆ ಸಾಕಾದೀತು. ಹುಲ್ಲಂಗಳದವರಿಗೆ, ಕಾಡಂಚಿನವರಿಗೆ ಅದು ಸಾಲದು. ತಳವಿರಬೇಕು, ತಳಕ್ಕೆ ಕಾಲುಗಳಿರಬೇಕು, ಕಾಲಿಗೂ ನೆಲಕ್ಕೂ ನಡುವೆ ಗಾಳಿಯಾಡಬೇಕು.

ಎರಡನೆಯ ಸಂದೇಹ ಲೋಹದ್ದು. ಆ ಹೂವಿನಂಥ ಹಗುರವೇ ನನಗೆ ಅನುಮಾನ ತಂದಿತು. ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್ಸಿಗೆ ಕರಗುತ್ತದೆ. ಚೆನ್ನಾಗಿ ಉರಿಯುವ ಸೌದೆಯ ಕೆಂಡ ಆ ಮಟ್ಟವನ್ನು ದಾಟಬಲ್ಲುದು. ಸತುವಿನ ಲೇಪದ ತಗಡು ಇನ್ನೊಂದು ಬಗೆಯ ವಂಚಕ. ತುಕ್ಕು ಹಿಡಿಯದೆಂದು ಬಕೆಟ್ಟಿಗೂ ಛಾವಣಿಗೂ ನಾವು ಬಳಸುವುದು ಅದನ್ನೇ. ಆದರೆ ಸತು 420 ಡಿಗ್ರಿಯ ಹೊತ್ತಿಗೇ ಕರಗಿ, ಕಾವು ಮತ್ತೂ ಏರಿದರೆ ಹೊಗೆಯಾಗಿ ಮೂಗಿಗೆ ಬಂದು, ಉಸಿರಾಡಿದವರಿಗೆ ಚಳಿಜ್ವರ ತರಿಸುತ್ತದೆ. ಬೆಸುಗೆಯವರು ಈ ಜ್ವರವನ್ನು ಬಲ್ಲರು. ಬಣ್ಣ ಬಳಿದ ಡಬ್ಬಗಳ ಮಾತೂ ಅಷ್ಟೆ. ಹಾಗಾದರೆ ಉಳಿದದ್ದು ಉಕ್ಕು. ತೀರ ತೆಳ್ಳಗಿದ್ದರೆ ಅದು ಒಂದೇ ರಾತ್ರಿಯಲ್ಲಿ ಹಪ್ಪಳದಂತೆ ಸೊಟ್ಟಗಾಗುತ್ತದೆ, ದಪ್ಪವಾದರೆ ಹೊರುವವರ ಬೆನ್ನು ಸೊಟ್ಟಗಾಗುತ್ತದೆ. ಕೆಲವರು ಲಾರಿಯ ಹಳೆಯ ಗಾಲಿಯ ರಿಮ್ಮನ್ನು ಬಳಸುವುದುಂಟು. ಬಲು ಗಟ್ಟಿ, ಆದರೆ ಅದನ್ನು ಹಳ್ಳಿಗೆ ಸಾಗಿಸಲು ಲಾರಿಯೇ ಬೇಕು.

ಬರಿಗೈಯಲ್ಲಿ ಮರಳಿದವನು ನಮ್ಮೂರ ಕುಲುಮೆಗೆ ಹೋದೆ. ಆಚಾರರು ಎಪ್ಪತ್ತರ ಹತ್ತಿರದವರು. ಎತ್ತಿನ ಗಾಡಿಗಳು ಇದ್ದ ಕಾಲದಲ್ಲಿ ಮರದ ಗಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿ ಹೆಸರಾದವರು. ಈಗ ಗೇಟು, ಕಿಟಕಿಯ ಸರಳು, ಅಡಕೆ ಕೊಯ್ಯುವವರ ಕತ್ತಿ. ನನ್ನ ಬೇಡಿಕೆಯನ್ನು ಕೇಳಿ ಮೊದಲು ನಕ್ಕರು.

"ಮೇಷ್ಟ್ರೇ, ಬೆಂಕಿ ಕಾಯಿಸೋಕೂ ಇಷ್ಟೆಲ್ಲ ಪಾಠವಾ?"

"ಹುಡುಗನ ಹಣೆಗೆ ಐದು ಹೊಲಿಗೆ ಬಿತ್ತು ಆಚಾರ್ರೇ."

ಅವರ ನಗು ನಿಂತಿತು. ಒಂದು ಸಲಾಕೆಯನ್ನು ತೆಗೆದುಕೊಂಡು ನೆಲದ ಬೂದಿಯ ಮೇಲೆ ಗೆರೆ ಎಳೆಯತೊಡಗಿದರು.

ನಾನು ಇಡೀ ಬಳೆಯನ್ನು ಬೆಸೆದುಬಿಡಿ ಎಂದೆ. ಅವರು ತಲೆಯಾಡಿಸಿದರು. ಗಾಡಿಯ ಗಾಲಿಯ ಪಟ್ಟಿಯನ್ನು ಗಾಲಿಗಿಂತ ತುಸು ಕಿರಿದಾಗಿಯೇ ಮಾಡಿ, ಕೆಂಪಗೆ ಕಾಯಿಸಿ ಹಿಗ್ಗಿಸಿ ತೊಡಿಸಿ, ನೀರೆರೆದು ಕುಗ್ಗಿಸಿ ಬಿಗಿಸುತ್ತಿದ್ದರಲ್ಲ. ಕಬ್ಬಿಣ ಕಾದಾಗ ಬೆಳೆಯುತ್ತದೆಂಬುದನ್ನು ಆ ವೃದ್ಧರಿಗೆ ಯಾರೂ ಪುಸ್ತಕದಿಂದ ಓದಿ ಹೇಳಬೇಕಾಗಿರಲಿಲ್ಲ. "ಬೆಳೆಯೋಕೆ ಜಾಗ ಕೊಡದಿದ್ದರೆ ಅದು ಸೊಟ್ಟಗೆ ಬೆಳೀತದೆ" ಎಂದರು. ಭೌತಶಾಸ್ತ್ರದವರಲ್ಲಿ ಆಮೇಲೆ ಲೆಕ್ಕ ಹಾಕಿಸಿದೆ. ಎರಡಡಿ ಅಗಲದ ಉಕ್ಕಿನ ಬಳೆಯ ಸುತ್ತಳತೆ ಸುಮಾರು 1.9 ಮೀಟರು, 500 ಡಿಗ್ರಿಯಷ್ಟು ಕಾವೇರಿದರೆ ಅದು 11 ಮಿಲಿಮೀಟರಿನಷ್ಟು ಉದ್ದವಾಗುತ್ತದೆ, ಹೆಚ್ಚು ಕಡಮೆ ಒಂದು ಕಿರುಬೆರಳಿನ ಅಗಲ. ಆದಕಾರಣ ಬಳೆಯನ್ನು ಮೂರು ತುಂಡು ಮಾಡಿ, ತುದಿಗಳಿಗೆ ಕುಣಿಕೆಯಿಟ್ಟು, ಸಡಿಲವಾದ ಸಲಾಕೆಯನ್ನು ಮೇಲಿನಿಂದ ಇಳಿಬಿಡುವುದೆಂದು ತೀರ್ಮಾನವಾಯಿತು. ಮೂರು ಮಿಲಿಮೀಟರು ದಪ್ಪದ ತಗಡು, ಎಂಟು ಅಂಗುಲ ಎತ್ತರ. ಒಂದೊಂದು ತುಂಡೂ ಮೂರು ಕಿಲೋಗ್ರಾಮಿನ ಆಸುಪಾಸು. ಮೂವರು ಹುಡುಗರು ಒಂದೊಂದನ್ನು ಹೊತ್ತರೆ ಭಾರವೆನಿಸದು. ತಳದ ತಟ್ಟೆ ಬೇರೆ. ಅದಕ್ಕೆ ಅರ್ಧ ಅಡಿಯ ಮೂರು ಕಾಲು. "ನಾಲ್ಕು ಕಾಲು ಗಟ್ಟಿಯಲ್ಲವೆ?" ಎಂದು ಕೇಳಿ ಮತ್ತೆ ದಡ್ಡನಾದೆ. ತಗ್ಗುದಿಣ್ಣೆಯ ನೆಲದಲ್ಲಿ ನಾಲ್ಕು ಕಾಲಿನದು ಕುಂಟುತ್ತದೆ, ಮೂರು ಕಾಲಿನದು ಎಲ್ಲಿಟ್ಟರೂ ಕೂರುತ್ತದೆ.

ಎತ್ತರದ ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೂ ಚರ್ಚೆಯಾಯಿತು. ಸುರಕ್ಷಿತವೆಂದು ನಾನು ಒಂದೂವರೆ ಅಡಿ ಕೇಳಿದೆ. ಗೋಡೆ ಎತ್ತರವಾದಷ್ಟೂ ಒಳಗೆ ಗಾಳಿ ಸಾಲದೆ ಹೊಗೆ ಹೆಚ್ಚುತ್ತದೆ, ನೆಲದ ಮೇಲೆ ಕೂತವರಿಗೆ ಬೆಂಕಿ ಕಾಣುವುದೂ ಇಲ್ಲ, ಕಾವು ತಾಗುವುದೂ ಇಲ್ಲ ಎಂದರು. ಬುಡದ ಸಾಲಿನಲ್ಲಿ ಗಾಳಿಗೆಂದು ರಂಧ್ರಗಳನ್ನು ಕೊರೆದರು. ಅವು ಕಿರುಬೆರಳು ತೂರದಷ್ಟು ಸಣ್ಣವು, ಕೆಂಡ ಉದುರಬಾರದಲ್ಲ.

ಮೂರು ತುಂಡುಗಳು ಕುಲುಮೆಯ ಗೋಡೆಗೆ ಒರಗಿದ್ದುದನ್ನು ಕಂಡಾಗ ನನ್ನೊಳಗಿನ ಕನ್ನಡ ಮೇಷ್ಟರು ಸುಮ್ಮನಿರಲಿಲ್ಲ. ಗಣಿತದವರು ವೃತ್ತದ ಸುತ್ತಳತೆಗೆ ಪರಿಧಿಯೆನ್ನುತ್ತಾರಷ್ಟೆ. ವೈದಿಕ ಯಾಗದಲ್ಲಿ ಆಹವನೀಯಾಗ್ನಿಯ ಸುತ್ತ ಮೂರು ದಿಕ್ಕಿಗೆ ಇಡುವ ಮೂರು ಹಸಿಕಡ್ಡಿಗಳಿಗೆ ಪರಿಧಿಯೆಂದೇ ಹೆಸರು. ನಾಲ್ಕನೆಯದಾದ ಮೂಡಣ ದಿಕ್ಕನ್ನು ಸೂರ್ಯನೇ ಕಾಯುತ್ತಾನೆಂದು ಬಿಟ್ಟಿರುತ್ತಾರೆ. ಋಗ್ವೇದದ ಮೊದಲ ಸೂಕ್ತವೇ ಅಗ್ನಿಯದು. ಆತನನ್ನು ಅಷ್ಟು ಆದರದಿಂದ ಬರಮಾಡಿಕೊಂಡವರೂ ಆತನ ಸುತ್ತ ಬೇಲಿ ಹಾಕುವುದನ್ನು ಮರೆಯಲಿಲ್ಲ. ಇದನ್ನು ಆಚಾರರಿಗೆ ಹೇಳಿದೆ. "ಹಂಗಾದ್ರೆ ನಂದೂ ಮೂರೇ ಸರಿ" ಎಂದು ಮತ್ತೆ ತಿದಿಯ ಕಡೆಗೆ ತಿರುಗಿದರು.

ಪರೀಕ್ಷೆ ನಡೆದದ್ದು ಕಾಲೇಜಿನ ಹಿಂಭಾಗದಲ್ಲಿ, ಪ್ರಾಂಶುಪಾಲರ ಸಮ್ಮುಖದಲ್ಲಿ. ಒಂದು ಗಂಟೆ ಉರಿಸಿ ತಟ್ಟೆಯ ಕೆಳಗೆ ಕೈಯಿಟ್ಟರೆ ಇಡಲಾಗಲಿಲ್ಲ, ಹುಲ್ಲು ಬಾಡಿಹೋಗಿತ್ತು. ನನ್ನ ಮುಖವೂ. ಮರುದಿನ ಎರಡು ತಿದ್ದುಪಡಿ ಮಾಡಿದೆವು: ತಟ್ಟೆಯೊಳಗೆ ಎರಡಂಗುಲ ಒಣಮರಳನ್ನು ಹರವಿದೆವು, ಕಾಲುಗಳ ನಡುವೆ ನೆಲದಿಂದ ಮೂರಂಗುಲ ಮೇಲೆ ಇನ್ನೊಂದು ತೆಳುತಗಡನ್ನು ತೂಗುಹಾಕಿದೆವು. ಮರಳು ಕಾವನ್ನು ತಡೆದು ತಡೆದು ಬಿಡುತ್ತದೆ. ಕೆಳಗಿನ ತಗಡು ಉಳಿದುದನ್ನು ಹಿಂದಕ್ಕೆ ಅಟ್ಟುತ್ತದೆ. ಈ ಸಲ ಎರಡು ಗಂಟೆಯಾದ ಮೇಲೂ ನೆಲ ಬಿಸಿಲಿಗೆ ಕಾದಷ್ಟೇ ಬೆಚ್ಚಗಿತ್ತು. ಪ್ರಾಂಶುಪಾಲರು ಬಗ್ಗಿ ತಾವೇ ಕೈಯಿಟ್ಟು ನೋಡಿ, ಕಾಗದಕ್ಕೆ ಸಹಿ ಹಾಕಿದರು.

ಪಾತ್ರೆ ಎಷ್ಟೇ ಚೆನ್ನಾಗಿರಲಿ, ಅದನ್ನು ಎಲ್ಲಿ ಎಂದು ಹಚ್ಚಬಾರದೆಂಬುದನ್ನು ಪಾತ್ರೆ ಹೇಳದು. ಮೀಸಲು ಅರಣ್ಯದೊಳಗೆ ಬೆಂಕಿ ಹೊತ್ತಿಸುವುದು 1963ರ ಕರ್ನಾಟಕ ಅರಣ್ಯ ಕಾಯಿದೆಯ ಪ್ರಕಾರ ಅಪರಾಧ. ಅಗ್ಗಿಷ್ಟಿಕೆ ತಂದಿದ್ದೇನೆಂಬುದು ಅಲ್ಲಿ ಸಮಾಧಾನವಲ್ಲ. ಫೆಬ್ರುವರಿಯಿಂದ ಮೊದಲ ಮಳೆಯವರೆಗೆ ಕಾಡಂಚಿನಲ್ಲಿಯೂ ನಾನು ಒಪ್ಪಲಾರೆ. 2019ರ ಫೆಬ್ರುವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಕಾಡು ಬೆಂದದ್ದನ್ನು ನಾವು ಕಂಡಿದ್ದೇವೆ. ಅದರ ಹಿಂದಿನ ವರ್ಷ ಮಾರ್ಚಿನಲ್ಲಿ ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಕ್ಕೆ ಹೋದವರು ಕಾಳ್ಗಿಚ್ಚಿಗೆ ಸಿಕ್ಕಿ, ಇಪ್ಪತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಒಣಹುಲ್ಲಿನ ಇಳಿಜಾರಿನಲ್ಲಿ ಮೇಲ್ಮುಖವಾಗಿ ಓಡುವ ಬೆಂಕಿಯನ್ನು ಮನುಷ್ಯನ ಕಾಲು ಮೀರಲಾರದು. ನಮ್ಮ ಶಿಬಿರ ಡಿಸೆಂಬರಿನಲ್ಲಿ, ಇಬ್ಬನಿಯ ಕಾಲದಲ್ಲಿ, ಊರ ನಡುವಿನ ಅಂಗಳದಲ್ಲಿ. ಗಾಳಿ ಎದ್ದರೆ ಆ ರಾತ್ರಿ ಬೆಂಕಿಯಿಲ್ಲವೆಂದು ಮೊದಲೇ ಹೇಳಿಟ್ಟಿದ್ದೆ.

ಗಾಳಿ ಏಳಲಿಲ್ಲ. ಅದೇ ಹಳ್ಳಿ, ಅದೇ ಶಾಲೆ. ಹೋಗಲೇಬೇಕೆಂದು ನಾನೇ ಹಟ ಹಿಡಿದಿದ್ದೆ. ಸುತ್ತ ಹತ್ತಡಿ ದರಗು ಗುಡಿಸಿದೆವು. ನಾಲ್ಕು ಕೊಡ ನೀರು, ಒಂದು ಗುದ್ದಲಿ ಪಕ್ಕದಲ್ಲಿ. ಬೇಲಿಯ ಕಣಗಿಲೆಯ ಕಡ್ಡಿ ಸೌದೆಗೆ ಬೆರೆಯದಂತೆ ನೋಡಿಕೊಂಡೆ, ಅದರ ಹೊಗೆಯೂ ವಿಷ. "ಇಷ್ಟು ಸಣ್ಣ ಬೆಂಕಿಯೇ?" ಎಂದು ಹುಡುಗರು ಮುಖ ಸಣ್ಣದು ಮಾಡಿದರು. ಎರಡಡಿಯ ಬಳೆಯೊಳಗೆ ಆಳೆತ್ತರದ ಜ್ವಾಲೆ ಬರುವುದಿಲ್ಲ. ಆದರೆ ಬೆಂಕಿ ಸಣ್ಣದಾದುದರಿಂದ ವರ್ತುಲವೂ ಸಣ್ಣದಾಯಿತು. ಭುಜಕ್ಕೆ ಭುಜ ತಾಗಿಸಿ ಕೂರಬೇಕಾಯಿತು. ಹಿಂದಿನ ವರ್ಷ ನಾಚಿದ ಹುಡುಗಿ ಮೂರು ಹಾಡು ಹಾಡಿದಳು.

ಹಣೆಯ ಗಾಯದ ಹುಡುಗ ಈಗ ಕೊನೆಯ ವರ್ಷದವನು. ಶಿಬಿರಕ್ಕೆ ಸೇರಿರಲಿಲ್ಲ, ಆ ಒಂದು ರಾತ್ರಿಗೆಂದು ಬಸ್ಸು ಹಿಡಿದು ಬಂದಿದ್ದ. ಮೊದಲು ಜಗಲಿಯ ಕಂಬಕ್ಕೆ ಒರಗಿ ದೂರ ನಿಂತಿದ್ದ. ಸೌದೆಯೊಂದು ಚಟ್ಟೆಂದಾಗ ಅವನ ಕೈ ತಾನಾಗಿಯೇ ಹುಬ್ಬಿಗೆ ಹೋದುದನ್ನು ಕಂಡೆ. ಕರೆಯಲಿಲ್ಲ. ಬಹಳ ಹೊತ್ತಿನ ಮೇಲೆ ಬಂದು ನನ್ನ ಪಕ್ಕದಲ್ಲಿ ಕೂತು, ಬಳೆಯ ಕುಣಿಕೆಗಳನ್ನು ಗಮನವಿಟ್ಟು ನೋಡಿ, "ಇದನ್ನು ಯಾರು ಮಾಡಿದರು ಸರ್?" ಎಂದ. ಆಚಾರರ ಕಥೆಯನ್ನೆಲ್ಲ ಹೇಳಿದೆ. ಗಾಲಿಯ ಪಟ್ಟಿಯ ವಿಷಯ ಬಂದಾಗ, ತನ್ನ ಅಜ್ಜನ ಮನೆಯ ಅಟ್ಟದಲ್ಲಿ ಅಂಥದೊಂದು ಪಟ್ಟಿ ಇನ್ನೂ ಇದೆಯೆಂದ.

ಹತ್ತು ಗಂಟೆಗೆ ಆರಿಸಿದೆವು. ಕಾದ ಉಕ್ಕಿನ ಮೇಲೆ ಒಮ್ಮೆಗೇ ನೀರು ಸುರಿದರೆ ತಗಡು ಸೊಟ್ಟಗಾಗುತ್ತದೆ, ಆವಿ ಮುಖಕ್ಕೆ ಹೊಡೆಯುತ್ತದೆ. ಕೈಯಿಂದ ಚಿಮುಕಿಸಿ, ಕೆದಕಿ, ಮತ್ತೆ ಚಿಮುಕಿಸಿ, ಬೂದಿಯ ಮೇಲೆ ಅಂಗೈಯ ಹಿಂಬದಿ ಇಟ್ಟು ತಣ್ಣಗಾಗುವವರೆಗೆ ಬಿಡಲಿಲ್ಲ. ಇಬ್ಬರು ಹುಡುಗರು ಚಳಿಯೆಂದು ಒಂದಿಷ್ಟು ಕೆಂಡವನ್ನು ತಾವು ಮಲಗುವ ಕೋಣೆಗೆ ಒಯ್ಯಲು ಕೇಳಿದ್ದರು. ಅವರನ್ನು ಗದರಿಸಿದೆ, ಈ ಬರಹದಲ್ಲಿ ಬೇರೇನನ್ನು ಮರೆತರೂ ಓದುಗರು ಇದನ್ನು ಮರೆಯಬಾರದು. ಮುಚ್ಚಿದ ಕೋಣೆಯಲ್ಲಿ ಕೆಂಡ ಬಿಡುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಉತ್ತರ ಭಾರತದಲ್ಲಿ ಅಂಗೀಠಿಯನ್ನು ಪಕ್ಕದಲ್ಲಿಟ್ಟು ಮಲಗಿದವರು ಬೆಳಿಗ್ಗೆ ಏಳದೆ ಹೋದ ಸುದ್ದಿ ಚಳಿಗಾಲದಲ್ಲಿ ಮತ್ತೆ ಮತ್ತೆ ಬರುತ್ತದೆ.

ಬೆಳಿಗ್ಗೆ ಗೌಡರು ಹಾಲಿನ ಚೊಂಬು ಹಿಡಿದು ಅಂಗಳಕ್ಕೆ ಬಂದರು. ಮೂವರು ಹುಡುಗರು ಸಲಾಕೆಗಳನ್ನು ಕಿತ್ತು ಬಳೆಯನ್ನು ಬಿಡಿಸಿ, ಮರಳನ್ನು ಬುಟ್ಟಿಗೆ ತುಂಬಿ, ತಟ್ಟೆಯನ್ನು ಎತ್ತಿದರು. ಕೆಳಗೆ ಹುಲ್ಲು ಸ್ವಲ್ಪ ಮಲಗಿತ್ತು, ಹಸುರಾಗಿಯೇ ಇತ್ತು. ಗೌಡರು ಬಗ್ಗಿ ಕೈಯಾಡಿಸಿದರು. ಆಮೇಲೆ ನೆಟ್ಟಗಾಗಿ, ಹಲಸಿನ ಬೊಡ್ಡೆಯಿದ್ದ ಕಡೆಗೊಮ್ಮೆ, ಬಣವೆಯ ಕಡೆಗೊಮ್ಮೆ ನೋಡಿ, "ಬನ್ನಿ ಮೇಷ್ಟ್ರೇ, ಹಾಲು ಆರ್ತದೆ" ಎಂದರು.